ಮನೆಯ ಉರಿಯೂ ಮನೆಯ ಗಾಳಿಯೂ

(ಗ್ಯಾಸಿನ ಸಾಧನಗಳಿಗೆ ಬದಲಾಗಿ ವಿದ್ಯುತ್ ಸಾಧನಗಳನ್ನು ಬಳಸುವದರ ಪ್ರಯೋಜನವನ್ನು ಕುರಿತ ಪಾಠ)



ಅಡಿಗೆಗೂ ಸ್ನಾನಕ್ಕೂ ಬಿಸಿ ಬೇಡವಾದ ಮನೆ ಎಲ್ಲಿಯೂ ಇಲ್ಲ. ಆ ಬಿಸಿಯನ್ನು ನಮ್ಮ ಹಿರಿಯರು ಸೌದೆ, ಬೆರಣಿ, ತೊಗರಿಕಟ್ಟಿಗೆ, ತೆಂಗಿನ ಗರಿ ಇವುಗಳಿಂದ ಪಡೆದರು. ನಮ್ಮ ಕಾಲದಲ್ಲಿ ಗ್ಯಾಸಿನ ಸಿಲಿಂಡರು ಹಳ್ಳಿಗೂ ಬಂತು. 2016ನೇ ಇಸವಿಯ ಮೇ 1ರಂದು ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅದು ಎಷ್ಟೋ ಬಡ ಮನೆಗಳ ಬಾಗಲಿಗೆ ಮೊದಲನೆಯ ಸಲ ಮುಟ್ಟಿತು. ಹೀಗಿರುವಲ್ಲಿ, "ಗ್ಯಾಸು ಬಂದು ಇನ್ನೂ ಬಹಳ ವರುಷವಾಗಲಿಲ್ಲ, ಅದನ್ನು ಬಿಟ್ಟು ಈಗ ಕರೆಂಟಿನ ಒಲೆ ಯಾಕೆ?" ಎಂದು ಅನೇಕರು ಕೇಳುವರು. ಈ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಅವಸರದ ಉತ್ತರವನ್ನು ಕೊಡದೆ ಕ್ರಮವಾಗಿ ವಿಚಾರಿಸೋಣ.

ನಾವು ತೋರಿಸಬೇಕೆಂದಿರುವ ಮುಖ್ಯ ಸಂಗತಿ ಇಷ್ಟೇ. ಸೌದೆಗಿಂತ ಗ್ಯಾಸು ಉತ್ತಮ, ಗ್ಯಾಸಿಗಿಂತ ವಿದ್ಯುತ್ತು ಉತ್ತಮ. ಆದರೆ ಬದಲಾಯಿಸುವದಕ್ಕೆ ಒಂದು ಕ್ರಮವುಂಟು, ಆ ಕ್ರಮದ ಮೊದಲನೆಯ ಮೆಟ್ಟಲು ಅಡಿಗೆಮನೆಯಲ್ಲಿಲ್ಲ, ಬಚ್ಚಲಮನೆಯಲ್ಲಿದೆ. ಯಾಕೆಂಬದು ಮುಂದೆ ತಿಳಿದುಬರುವದು.

1. ಸೌದೆಗೂ ಗ್ಯಾಸಿಗೂ ಇರುವ ಭೇದ

ಎಲ್ಲಕ್ಕೂ ಮೊದಲು ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ಈ ಪಾಠವನ್ನು ಓದಿ ಯಾರಾದರೂ ಗ್ಯಾಸನ್ನು ಬಿಟ್ಟು ಪುನಃ ಸೌದೆಯ ಒಲೆಗೆ ತಿರುಗಿದರೆ ನಾವು ಬರೆದದ್ದು ಬರೇ ವ್ಯರ್ಥವಲ್ಲ, ಕೇಡೇ ಆಗುವದು. ಸೌದೆ, ಬೆರಣಿ, ಇದ್ದಲು, ಸೀಮೆಎಣ್ಣೆ ಇವುಗಳ ಹೊಗೆಯಿಂದ ಮನೆಯೊಳಗಿನ ಗಾಳಿ ಕೆಟ್ಟು 2020ನೇ ಇಸವಿಯೊಂದರಲ್ಲೇ ಲೋಕದಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಹಾಕಿದೆ. ಒಲೆಯ ಮುಂದೆ ಕೂತು ಊದುಗೊಳವೆಯಿಂದ ಊದಿ ಊದಿ ಕಣ್ಣು ಕೆಂಪಾಗಿ, ಎದೆ ಕಟ್ಟಿ, ಕೆಮ್ಮುವ ತಾಯಂದಿರನ್ನು ನಾವೆಲ್ಲರೂ ಬಲ್ಲೆವು. ಅಂಥವರಿಗೆ ಗ್ಯಾಸು ದೊಡ್ಡ ಉಪಕಾರವನ್ನೇ ಮಾಡಿತು.

ಆದಾಗ್ಯೂ ಉತ್ತಮವಾದದ್ದೆಲ್ಲಾ ನಿರಪಾಯವಾದದ್ದಲ್ಲ. ಕಣ್ಣಿಗೆ ಕಾಣುವ ಹೊಗೆ ಹೋಯಿತೆಂದು ಕಾಣದಿರುವದೂ ಹೋಯಿತೆಂದು ನೆನಸಬಾರದು.

2. ಗ್ಯಾಸಿನ ಉರಿ ಕೋಣೆಯ ಗಾಳಿಗೆ ಮಾಡುವದೇನು?

ಉರಿಯು ತಿನ್ನುವಂಥದ್ದು. ಅದು ಗ್ಯಾಸನ್ನು ಮಾತ್ರವಲ್ಲ, ಕೋಣೆಯ ಗಾಳಿಯಲ್ಲಿರುವ ಆಮ್ಲಜನಕವನ್ನೂ ತಿನ್ನುವದು. ಸಿಲಿಂಡರಿನಲ್ಲಿರುವದು ಪ್ರೋಪೇನ್, ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಇದರ ಒಂದು ಪಾಲು ಚೆನ್ನಾಗಿ ಉರಿಯಬೇಕಾದರೆ ಸುಮಾರು 25ರಿಂದ 30 ಪಾಲು ಗಾಳಿ ಬೇಕು. ಬೇಕಾದಷ್ಟು ಗಾಳಿ ಸಿಕ್ಕಿದಾಗ ಉರಿ ನೀಲಿಯಾಗಿದ್ದು, ಇಂಗಾಲದ ಡೈಆಕ್ಸೈಡೂ ನೀರಿನ ಆವಿಯೂ ಹುಟ್ಟುವವು. ಗಾಳಿ ಸಾಲದೆ ಹೋದರೆ ಇಂಗಾಲದ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುವದು. ಇದರ ವಿಷಯ ಮುಂದಿನ ಭಾಗದಲ್ಲಿ ಹೇಳುವೆವು.

ಇದಲ್ಲದೆ, ಉರಿ ಎಷ್ಟೇ ನೀಲಿಯಾಗಿದ್ದರೂ ತಪ್ಪಿಸಲಾಗದ ಇನ್ನೊಂದು ಸಂಗತಿಯುಂಟು. ಗಾಳಿಯಲ್ಲಿ ಹೆಚ್ಚಿನ ಪಾಲು ಸಾರಜನಕ. ಸಾಧಾರಣವಾಗಿ ಅದು ಯಾವದರೊಡನೆಯೂ ಬೆರೆಯದೆ ಸುಮ್ಮನಿರುವದು. ಆದರೆ ಜ್ವಾಲೆಯ ಅತಿ ತಾಪದಲ್ಲಿ ಅದು ಆಮ್ಲಜನಕದೊಡನೆ ಕೂಡುವದರಿಂದ ಕೊನೆಗೆ ನೈಟ್ರೋಜನ್ ಡೈಆಕ್ಸೈಡ್ ಎಂಬ ಅನಿಲ ಉಂಟಾಗುವದು. ಇದು ಒಲೆಯ ಕೊರತೆಯಿಂದಲ್ಲ, ಉರಿಯ ಸ್ವಭಾವದಿಂದಲೇ ಆಗುವಂಥದ್ದು. ಈ ಅನಿಲವು ಶ್ವಾಸನಾಳಗಳನ್ನು ಕೆರಳಿಸುವದು. ಮಕ್ಕಳಿಗೂ ಉಬ್ಬಸವುಳ್ಳವರಿಗೂ ಹೆಚ್ಚಾಗಿ ಬಾಧಿಸುವದು. ಆದಕಾರಣ ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಇದರ ಮಿತಿಯನ್ನು ಮೊದಲಿಗಿಂತ ಬಹಳ ಕಡಿಮೆ ಮಾಡಿ, ವರುಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 10 ಮೈಕ್ರೋಗ್ರಾಮಿಗಿಂತ ಹೆಚ್ಚಿರಬಾರದೆಂದು ಗೊತ್ತುಮಾಡಿತು.

ಇದರಿಂದ ರೋಗ ಎಷ್ಟು ಹೆಚ್ಚುವದೆಂಬ ವಿಷಯದಲ್ಲಿ ವಿದ್ವಾಂಸರು ಒಮ್ಮತವಾಗಿಲ್ಲ. 2013ರಲ್ಲಿ ನೆದರ್ಲೆಂಡ್ ದೇಶದ ವಿದ್ವಾಂಸರು 41 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಗ್ಯಾಸಿನಿಂದ ಅಡಿಗೆ ಮಾಡುವ ಮನೆಗಳ ಮಕ್ಕಳಲ್ಲಿ ಉಬ್ಬಸದ ಸಂಭವ ನೂರಕ್ಕೆ 42ರಷ್ಟು ಹೆಚ್ಚೆಂದು ಹೇಳಿದರು. 2024ರಲ್ಲಿ ಲ್ಯಾನ್ಸೆಟ್ ರೆಸ್ಪಿರೇಟರಿ ಮೆಡಿಸಿನ್ ಎಂಬ ವೈದ್ಯ ಪತ್ರಿಕೆಯಲ್ಲಿ ಬಂದ ಬೇರೊಂದು ಪರಿಶೀಲನೆಯಲ್ಲಿ ಉಬ್ಬಸದ ಮಾತು ಅಷ್ಟು ಸ್ಥಿರವಾಗಿ ಕಾಣಲಿಲ್ಲ. ಅದರ ಪ್ರಕಾರ ಗ್ಯಾಸು ಸೌದೆಗಿಂತಲೂ ಸೀಮೆಎಣ್ಣೆಗಿಂತಲೂ ಬಹಳ ಮೇಲಾದದ್ದು. ವಿದ್ಯುತ್ತಿಗೆ ಹೋಲಿಸಿದರೆ ಮಾತ್ರ ನ್ಯುಮೋನಿಯವೂ ಹಳೇ ಶ್ವಾಸಕೋಶ ರೋಗವೂ ಸ್ವಲ್ಪ ಹೆಚ್ಚು. ಹೀಗೆ ಎರಡು ಪಕ್ಷದವರ ಮಾತನ್ನೂ ತೂಗಿ ನೋಡಿದರೆ, ಮುಚ್ಚಿದ ಕೋಣೆಯಲ್ಲಿ ಉರಿ ಕಡಿಮೆಯಾದಷ್ಟು ಒಳ್ಳೇದೆಂಬದು ನಿಲ್ಲುವದು. ಕಿಟಕಿಯಿಲ್ಲದ, ತಗ್ಗು ಮಾಡಿನ ನಮ್ಮ ಹಳ್ಳಿಯ ಅಡಿಗೆಮನೆಗಳಿಗೆ ಈ ಮಾತು ವಿಶೇಷವಾಗಿ ಸಲ್ಲುವದು.

ಉರಿಯ ಅಪಾಯ ಗಾಳಿಯೊಂದರಲ್ಲೇ ಇಲ್ಲ. ಸೀರೆಯ ಸೆರಗು, ದುಪಟ್ಟಿಯ ಅಂಚು, ಮಗುವಿನ ಅಂಗಿ ಇವುಗಳಿಗೆ ತೆರೆದ ಜ್ವಾಲೆಯು ಶತ್ರು. ಸೋರುವ ಗ್ಯಾಸಿನ ವಿಷಯವೂ ಉಂಟು. ಇದು ಗಾಳಿಗಿಂತ ಭಾರವಾದದ್ದರಿಂದ ಮೇಲಕ್ಕೆ ಏರಿಹೋಗದೆ ನೆಲದ ಮೇಲೆ ನೀರಿನ ಹಾಗೆ ಹರಡಿಕೊಳ್ಳುವದು. ಇದಕ್ಕೆ ಸ್ವಂತ ವಾಸನೆ ಇಲ್ಲವಾದಕಾರಣ ಸೋರಿದ್ದು ತಿಳಿಯಬೇಕೆಂದು ಎಥಿಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರಸುತ್ತಾರೆ. ಆ ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು; ರೆಗ್ಯುಲೇಟರನ್ನು ಮುಚ್ಚಿ, ಬಾಗಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಗೆ ಬಂದು, 1906 ಎಂಬ ಸಂಖ್ಯೆಗೆ ಫೋನು ಮಾಡತಕ್ಕದ್ದು.

3. ಬಚ್ಚಲಮನೆಯ ಗ್ಯಾಸ್ ಗೀಸರು

ಈಗ ನಮ್ಮ ಪಾಠದ ಅತಿ ಮುಖ್ಯ ಭಾಗಕ್ಕೆ ಬಂದೆವು. ಕೆಲವು ವರುಷಗಳಿಂದ ಪೇಟೆಗಳಲ್ಲಿಯೂ ಈಗೀಗ ಹಳ್ಳಿಗಳಲ್ಲಿಯೂ ಬಚ್ಚಲ ಹಂಡೆಗೆ ಬದಲಾಗಿ ಗ್ಯಾಸ್ ಗೀಸರನ್ನು ಗೋಡೆಗೆ ತಗಲಿಸುವ ವಾಡಿಕೆ ಬಂದಿದೆ. ನಳವನ್ನು ತಿರುಗಿಸಿದೊಡನೆ ಬಿಸಿನೀರು ಬರುವದರಿಂದ ಅದು ಬಹಳ ಅನುಕೂಲವೆಂದು ಎಣಿಸುತ್ತಾರೆ. ಆದರೆ ಅದರೊಳಗಿನ ಉರಿ ಸಣ್ಣದಲ್ಲ. ಅಡಿಗೆಯ ಒಲೆಯ ಒಂದು ಬರ್ನರಿಗಿಂತ ನಾಲ್ಕೈದು ಪಾಲು ದೊಡ್ಡದು. ಅದಕ್ಕೆ ತಕ್ಕಂತೆ ಗಾಳಿಯನ್ನೂ ತಿನ್ನುವದು. ಬಚ್ಚಲಮನೆಯೋ ಮನೆಯಲ್ಲೆಲ್ಲಾ ಸಣ್ಣ ಕೋಣೆ. ಮಾನಕ್ಕಾಗಿ ಬಾಗಲು ಹಾಕುತ್ತೇವೆ, ಚಳಿಗಾಗಿ ಕಿಟಕಿ ಮುಚ್ಚುತ್ತೇವೆ. ಕೆಲವು ನಿಮಿಷಗಳಲ್ಲಿ ಉರಿಗೆ ಗಾಳಿ ಸಾಲದೆ ಹೋಗಿ ಇಂಗಾಲದ ಮೊನಾಕ್ಸೈಡ್ ಹುಟ್ಟುವದು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕಣ್ಣನ್ನು ಉರಿಸುವದಿಲ್ಲ, ಕೆಮ್ಮನ್ನೂ ತರಿಸುವದಿಲ್ಲ. ಸೌದೆಯ ಹೊಗೆಯು ಮನುಷ್ಯನನ್ನು ಹೊರಗೆ ಓಡಿಸುವದು. ಇದು ಇದ್ದಲ್ಲಿಯೇ ಇರಿಸಿ ಕೊಲ್ಲುವದು. ಹೇಗಂದರೆ, ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತುಕೊಂಡು ಹೋಗುವ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತುವಿಗೆ ಈ ಅನಿಲವು ಆಮ್ಲಜನಕಕ್ಕಿಂತ 200 ಪಾಲಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವದು. ಆಗ ಎದೆಯು ಉಸಿರಾಡುತ್ತಿದ್ದರೂ ಮಿದುಳಿಗೂ ಹೃದಯಕ್ಕೂ ಜೀವವಾಯು ಮುಟ್ಟುವದಿಲ್ಲ. ಮೊದಲು ತಲೆನೋವು, ತಲೆ ತಿರುಗುವಿಕೆ, ವಾಂತಿ ಬರುವ ಹಾಗಾಗುವದು. ತರುವಾಯ ಕಾಲು ಸೋತು ಕುಸಿಯುವರು. ಒಳಗೆ ಬಿದ್ದವರಿಗೆ ಅಗಳಿ ತೆಗೆಯುವ ಶಕ್ತಿಯೂ ಇರುವದಿಲ್ಲ, ಕೂಗುವ ಶಕ್ತಿಯೂ ಇರುವದಿಲ್ಲ. ಬದುಕಿ ಉಳಿದವರಲ್ಲಿಯೂ ಕೆಲವರಿಗೆ ಸೆಳವು, ಮರವು ಮುಂತಾದ ಮಿದುಳಿನ ತೊಂದರೆಗಳು ನಿಲ್ಲುವದುಂಟು. ನಮ್ಮ ದೇಶದ ನರರೋಗ ವೈದ್ಯರು ಇದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂಬ ಹೆಸರನ್ನೇ ಇಟ್ಟಿದ್ದಾರೆ. ಚಳಿಗಾಲ ಬಂತೆಂದರೆ ಬೆಂಗಳೂರಿನಿಂದಲೂ ಬೇರೆ ಊರುಗಳಿಂದಲೂ ಇಂಥಾ ಮರಣಗಳ ವರ್ತಮಾನವನ್ನು ಪತ್ರಿಕೆಗಳಲ್ಲಿ ಓದುತ್ತೇವೆ.

ಆದಕಾರಣ ಗ್ಯಾಸ್ ಗೀಸರು ಬಚ್ಚಲಮನೆಯೊಳಗೆ ಇರುವ ವಾಚಕರು ಮುಂದಿನ ಭಾಗಗಳನ್ನು ಓದುವದಕ್ಕೂ ಮುಂಚೆ ಈ ಮೂರು ಕೆಲಸಗಳನ್ನು ಮಾಡಬೇಕು. ಒಂದನೆಯದು, ಬೇರೆ ಏರ್ಪಾಡು ಆಗುವ ವರೆಗೆ ಬಾಗಲನ್ನು ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ, ಗೀಸರನ್ನು ಪೂರಾ ಆರಿಸಿ, ಒಳಗಿನ ಗಾಳಿ ಬದಲಾದ ಮೇಲೆ ಸ್ನಾನಕ್ಕೆ ಹೋಗುವದು. ಎರಡನೆಯದು, ಗೀಸರನ್ನು ಬಚ್ಚಲಿನಿಂದ ತೆಗಿಸಿ ಹೊರಗೆ ಬಯಲು ಗಾಳಿಯಿರುವ ಗೋಡೆಗೆ ಹಾಕಿಸಿ, ಬಿಸಿನೀರನ್ನು ಮಾತ್ರ ಕೊಳಾಯಿಯಿಂದ ಒಳಗೆ ತರುವದು. ಮೂರನೆಯದು, ಸ್ನಾನಕ್ಕೆ ಹೋದವರು ತಡಮಾಡಿದರೆ ಬಾಗಲು ತಟ್ಟಿ ಕರೆಯುವದು. ಉತ್ತರ ಬಾರದಿದ್ದರೆ ಸಂಕೋಚಪಡದೆ ಬಾಗಲನ್ನು ಒಡೆದು, ಬಿದ್ದವರನ್ನು ಕೂಡಲೇ ಹೊರಗಿನ ಗಾಳಿಗೆ ತಂದು, 108ಕ್ಕೆ ಫೋನು ಮಾಡುವದು. ಒಳಗೆ ಹೋದವರು ಅಲ್ಲಿ ನಿಲ್ಲಬಾರದು. ಯಾಕಂದರೆ ಆ ಗಾಳಿಯು ರಕ್ಷಿಸಲು ಹೋದವರನ್ನೂ ಬೀಳಿಸುವದು.

4. ವಿದ್ಯುತ್ ಸಾಧನಗಳು ಕೆಲಸ ಮಾಡುವ ರೀತಿ

ವಿದ್ಯುತ್ ಗೀಸರಿನಲ್ಲಿ ಕರೆಂಟು ಒಂದು ಸುರುಳಿಯನ್ನು ಕಾಯಿಸಿ, ಅದು ನೀರನ್ನು ಕಾಯಿಸುವದು. ಅಲ್ಲಿ ಉರಿಯಿಲ್ಲವಾದಕಾರಣ ಗಾಳಿಯನ್ನು ತಿನ್ನುವದೂ ಇಲ್ಲ, ವಿಷಾನಿಲ ಹುಟ್ಟುವದೂ ಇಲ್ಲ. ಅನ್ನದ ಕುಕ್ಕರು, ನೀರು ಕಾಯಿಸುವ ಕೆಟಲು ಇವುಗಳ ರೀತಿಯೂ ಇದೇ.

ಇಂಡಕ್ಷನ್ ಒಲೆಯ ರೀತಿಯಾದರೋ ಬೇರೆ. ಗಾಜಿನ ಹಾಗಿರುವ ಅದರ ಮೇಲ್ಗಡೆಯ ಕೆಳಗೆ ತಾಮ್ರದ ತಂತಿಯ ಸುರುಳಿಯುಂಟು. ಅದರಲ್ಲಿ ಕರೆಂಟು ಸೆಕೆಂಡಿಗೆ 20 ಸಾವಿರಕ್ಕಿಂತ ಹೆಚ್ಚು ಸಲ ಹಿಂದಕ್ಕೂ ಮುಂದಕ್ಕೂ ಹರಿಯುವದರಿಂದ, ಮೇಲಿಟ್ಟ ಕಬ್ಬಿಣದ ಪಾತ್ರೆಯ ತಳದಲ್ಲೇ ಬಿಸಿ ಹುಟ್ಟುವದು. ಒಲೆ ಪಾತ್ರೆಯನ್ನು ಕಾಯಿಸುವದಲ್ಲ, ಪಾತ್ರೆಯು ತಾನೇ ಕಾಯುವದು. ಇದರಿಂದ ಗ್ಯಾಸಿನ ಉರಿಯ ಹಾಗೆ ಪಾತ್ರೆಯ ಪಕ್ಕದಿಂದ ಬಿಸಿ ಹಾರಿಹೋಗುವದಿಲ್ಲ. ಗ್ಯಾಸಿನ ಒಲೆಯ ಬಿಸಿಯಲ್ಲಿ ನೂರಕ್ಕೆ ಅರುವತ್ತು ಪಾಲಿನಷ್ಟು ಅಡಿಗೆಗೆ ಮುಟ್ಟಿದರೆ ಇದರಲ್ಲಿ ಸುಮಾರು ಎಂಭತ್ತೈದು ಪಾಲು ಮುಟ್ಟುವದು. ಹೀಗೆ ವ್ಯರ್ಥವಾದ ಬಿಸಿ ಕಡಿಮೆಯಾಗುವದರಿಂದ ಅಡಿಗೆಮನೆಯೂ ಕಾಯುವದಿಲ್ಲ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಸೀಮೆಗಳಲ್ಲಿ ಅಡಿಗೆ ಮಾಡುವ ಹೆಂಗಸರಿಗೆ ಇದು ಸಣ್ಣ ಉಪಕಾರವಲ್ಲ.

5. ಖರ್ಚಿನ ಲೆಕ್ಕ

ಈ ಲೆಕ್ಕವನ್ನು ಅಂಗಡಿಯವನು ಹೇಳಿದಂತೆ ನಂಬದೆ ನಾವೇ ಹಾಕಿ ನೋಡೋಣ. ಒಂದು ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸು ಇದೆ. ಒಂದು ಕಿಲೋ ಗ್ಯಾಸಿನಲ್ಲಿರುವ ಬಿಸಿಯನ್ನು ವಿದ್ಯುತ್ತಿನ ಅಳತೆಯಲ್ಲಿ ಹೇಳಿದರೆ ಸುಮಾರು 12.7 ಯೂನಿಟ್; ಆದದರಿಂದ ತುಂಬಿದ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್. ಇದರಲ್ಲಿ ನೂರಕ್ಕೆ 60 ಪಾಲು ಪಾತ್ರೆಗೆ ಮುಟ್ಟಿದರೆ 108 ಯೂನಿಟ್. ಅಷ್ಟೇ ಅಡಿಗೆಯನ್ನು ನೂರಕ್ಕೆ 85 ಪಾಲು ಮುಟ್ಟಿಸುವ ಇಂಡಕ್ಷನ್ ಒಲೆಯಲ್ಲಿ ಮಾಡುವದಕ್ಕೆ ಸುಮಾರು 127 ಯೂನಿಟ್ ಬೇಕು. ತೆರಿಗೆ ಮುಂತಾದದ್ದೆಲ್ಲಾ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಂಡರೆ 889 ರೂಪಾಯಿ ಆಯಿತು. 2025ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಸಿಲಿಂಡರಿನ ಕ್ರಯ ಸುಮಾರು 855 ರೂಪಾಯಿ ಇತ್ತು.

ಇದರಿಂದ ತಿಳಿಯುವದೇನಂದರೆ, ಪೂರ್ಣ ದರವನ್ನು ಕೊಡುವವರಿಗೆ ಎರಡೂ ಹೆಚ್ಚು ಕಡಿಮೆ ಸರಿಸಮಾನ. 2023ರ ಅಕ್ಟೋಬರದಿಂದ ಸಿಲಿಂಡರಿಗೆ 300 ರೂಪಾಯಿ ಸಹಾಯ ಪಡೆದ ಉಜ್ವಲಾ ಮನೆಗಳಿಗಂತೂ ಗ್ಯಾಸೇ ಅಗ್ಗವಾಯಿತು. "ಕರೆಂಟಿನ ಒಲೆ ಕೊಂಡರೆ ಅರ್ಧಕ್ಕೆ ಅರ್ಧ ಉಳಿಯುವದು" ಎಂದು ಯಾರಾದರೂ ಹೇಳಿದರೆ ಅವರ ಮಾತನ್ನು ಕೂಡಲೇ ನಂಬಬೇಡಿರಿ.

ಆದರೆ ಕೆಲವು ಸಂಗತಿಗಳಲ್ಲಿ ಹಣವೂ ಉಳಿಯುವದು. ಹುರುಳಿ, ಕಡಲೆ, ಅಲಸಂದೆ ಮೊದಲಾದ ತಡವಾಗಿ ಬೇಯುವ ಕಾಳುಗಳನ್ನು ಒತ್ತಡದ ವಿದ್ಯುತ್ ಕುಕ್ಕರಿನಲ್ಲಿ ಇಟ್ಟರೆ, ಅದರ ಮೈಯಿಂದ ಬಿಸಿ ಹೊರಗೆ ಹೋಗದ ಕಾರಣ ಒಂದು ಯೂನಿಟ್ಟಿಗೂ ಕಡಿಮೆಯಲ್ಲಿ ಬೇಯುವವು. 700 ವಾಟಿನ ಅನ್ನದ ಕುಕ್ಕರು ಅರ್ಧ ತಾಸು ನಡೆದರೆ ಯೂನಿಟ್ಟಿನ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ತಗಲುವದು. ಇದಲ್ಲದೆ ಸಿಲಿಂಡರಿನ ಕ್ರಯ ಒಂದೇ ಕಡೆ ನಿಲ್ಲುವಂಥದ್ದಲ್ಲ. ಅದು 2023ರ ಆಗಸ್ಟಿನಲ್ಲಿ 200 ರೂಪಾಯಿ ಇಳಿಯಿತು, 2024ರ ಮಾರ್ಚಿನಲ್ಲಿ ಇನ್ನು 100 ಇಳಿಯಿತು, 2025ರ ಏಪ್ರಿಲಿನಲ್ಲಿ ಪುನಃ 50 ಏರಿತು. ನಮ್ಮ ದೇಶಕ್ಕೆ ಬೇಕಾದ ಈ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಹೊರದೇಶಗಳಿಂದ ಬರುವದರಿಂದ ದೂರದ ಯುದ್ಧವೂ ನಮ್ಮ ಒಲೆಯನ್ನು ಮುಟ್ಟುವದು. 2015ರಲ್ಲಿ ಗಡಿ ಕಟ್ಟಿದ್ದರಿಂದ ನೇಪಾಳದ ಜನರು ಗ್ಯಾಸಿಲ್ಲದೆ ಬಳಲಿ, ಅನೇಕರು ಆಗಲೇ ಇಂಡಕ್ಷನ್ ಒಲೆಯನ್ನು ಕೊಂಡರು.

ಗೃಹಜ್ಯೋತಿಯ ವಿಷಯವನ್ನೂ ಇಲ್ಲಿ ಹೇಳಬೇಕು. 2023ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಈ ಯೋಜನೆಯಲ್ಲಿ 200 ಯೂನಿಟ್ ಪುಕ್ಕಟೆಯೆಂದು ಅನೇಕರು ತಪ್ಪಾಗಿ ತಿಳಿದಿದ್ದಾರೆ. 200 ಎಂಬದು ಮೇರೆ ಮಾತ್ರ. ಆಯಾ ಮನೆಯವರು 2022–23ರಲ್ಲಿ ಬಳಸಿದ ಸರಾಸರಿಗೆ ಸ್ವಲ್ಪ ಕೂಡಿಸಿ ಅವರವರ ಪುಕ್ಕಟೆ ಪಾಲನ್ನು ಗೊತ್ತುಮಾಡಿದರು. ಪಾಲನ್ನು ಮೀರಿದ ಯೂನಿಟ್ಟಿಗೆ ಹಣ ಕೊಡಬೇಕು. 200ನ್ನೇ ಮೀರಿದರೆ ಪೂರಾ ಬಿಲ್ಲನ್ನು ಕೊಡಬೇಕು. ಒಂದು ಸಿಲಿಂಡರು ಒಂದೂವರೆ ತಿಂಗಳು ಬಾಳುವ ಮನೆಯಲ್ಲಿ ಅಡಿಗೆಯನ್ನೆಲ್ಲಾ ಕರೆಂಟಿಗೆ ತಂದರೆ ತಿಂಗಳಿಗೆ ಸುಮಾರು 85 ಯೂನಿಟ್ ಹೆಚ್ಚುವದು. ಆದಕಾರಣ ಒಲೆಯನ್ನು ಕೊಳ್ಳುವ ಮುಂಚೆ ಕಳೆದ ಕೆಲವು ತಿಂಗಳುಗಳ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಕೂಡಿಸಿ ನೋಡತಕ್ಕದ್ದು.

ಇನ್ನು ಸ್ನಾನದ ನೀರಿನ ಲೆಕ್ಕ. 20 ಲೀಟರಿನ ಒಂದು ಬಕೆಟ್ಟು ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಅರ್ಧ ಯೂನಿಟ್ಟು, ಅಂದರೆ ಮೂರೂವರೆ ರೂಪಾಯಿ ತಗಲುವದು. ಅದೇ ನೀರಿಗೆ ಗ್ಯಾಸ್ ಗೀಸರಿನಲ್ಲಿ ಎರಡೂ ಮುಕ್ಕಾಲು ರೂಪಾಯಿ ತಗಲುವದು. ಬಕೆಟ್ಟಿಗೆ ಒಂದು ರೂಪಾಯಿಯಷ್ಟೂ ಭೇದವಿಲ್ಲ. ಮನೆಯವರ ಜೀವವನ್ನು ಆ ಒಂದು ರೂಪಾಯಿಯ ಉಳಿತಾಯಕ್ಕೆ ಈಡು ಇಡಬಹುದೋ? ಯಜಮಾನರು ಈ ಪ್ರಶ್ನೆಗೆ ತಾವೇ ಉತ್ತರ ಕೊಡಲಿ.

6. ಕೆಲವು ಆಕ್ಷೇಪಗಳೂ ಅವುಗಳಿಗೆ ಉತ್ತರವೂ

"ನಮ್ಮೂರಲ್ಲಿ ಕರೆಂಟು ನಿಲ್ಲುವದಿಲ್ಲವೇ, ಹೋದರೆ ಉಪವಾಸವಿರಬೇಕೋ?" ಎಂದು ಕೆಲವರು ಹೇಳುವರು. ಇದು ನಿಜವಾದ ಕಷ್ಟ. ಆದದರಿಂದಲೇ ಗ್ಯಾಸಿನ ಸಿಲಿಂಡರನ್ನು ಹಿಂದಕ್ಕೆ ಕೊಡಬೇಕೆಂದು ನಾವು ಹೇಳುವದಿಲ್ಲ. ಅದು ಮನೆಯ ಮೂಲೆಯಲ್ಲಿ ಕಷ್ಟಕಾಲದ ಸಹಾಯವಾಗಿ ಇರಲಿ. ಕರೆಂಟು ಇರುವಾಗ ಅನ್ನವನ್ನೂ ಕಾಳನ್ನೂ ಬೇಯಿಸಿಕೊಂಡರೆ ಒಂದೂವರೆ ತಿಂಗಳಿಗೆ ತೀರುವ ಸಿಲಿಂಡರು ಬಹಳ ಕಾಲ ಬಾಳುವದು. ಎಷ್ಟೋ ಮನೆಗಳಲ್ಲಿ ಸಿಲಿಂಡರು ತೀರಿ, ಕೈಯಲ್ಲಿ ಹಣವಿಲ್ಲದೆ, ಪುನಃ ಸೌದೆಯ ಒಲೆಯನ್ನು ಹೊತ್ತಿಸುತ್ತಾರಲ್ಲವೇ? ಆ ದಿವಸಗಳಲ್ಲಿ ಸಣ್ಣ ವಿದ್ಯುತ್ ಕುಕ್ಕರೊಂದು ಮನೆಯಲ್ಲಿದ್ದರೆ ಹೊಗೆಯಿಂದ ಬಿಡಿಸುವದು.

"ಮುದ್ದೆ, ರೊಟ್ಟಿ ಇದರಲ್ಲಿ ಆಗುವದೋ?" ಎಂದು ಹೆಂಗಸರು ಕೇಳುವರು. ತಳ ಚಪ್ಪಟೆಯಾದ ಉಕ್ಕಿನ ಪಾತ್ರೆ ಇದ್ದರೆ ಮುದ್ದೆಯ ಹಿಟ್ಟು ಚೆನ್ನಾಗಿ ಬೇಯುವದು. ಆದರೆ ಕೋಲಿನಿಂದ ತೊಳಸುವಾಗ ಪಾತ್ರೆಯನ್ನು ಕೆಳಗಿಳಿಸಿ ತೊಳಸಬೇಕು, ಇಲ್ಲವಾದರೆ ಮೇಲಿನ ಗಾಜು ಒಡೆಯುವದು. ಚಪ್ಪಟೆ ಕಬ್ಬಿಣದ ಹಂಚಿನಲ್ಲಿ ದೋಸೆಯೂ ಚಪಾತಿಯೂ ಆಗುವವು. ಜೋಳದ ರೊಟ್ಟಿಯನ್ನು ಉರಿಯ ಮೇಲೆ ಉಬ್ಬಿಸುವದೂ ಬದನೇಕಾಯಿ ಸುಡುವದೂ ಇದರಲ್ಲಿ ಆಗುವದಿಲ್ಲ. ಅವುಗಳಿಗೆ ಗ್ಯಾಸೇ ಇರಲಿ. ಅಲ್ಯೂಮಿನಿಯಮ್, ತಾಮ್ರ, ಹಿತ್ತಾಳೆ, ಮಣ್ಣು ಇವುಗಳ ಪಾತ್ರೆಗಳು ಇದರಲ್ಲಿ ಕಾಯುವದಿಲ್ಲ. ಯಾವ ಪಾತ್ರೆ ಆಗುವದೆಂದು ತಿಳಿಯುವದಕ್ಕೆ ಅದರ ತಳಕ್ಕೆ ಅಯಸ್ಕಾಂತವನ್ನು ಹಿಡಿದು ನೋಡಿರಿ. ಅದು ಗಟ್ಟಿಯಾಗಿ ಅಂಟಿಕೊಂಡರೆ ಆ ಪಾತ್ರೆ ಆಗುವದು.

"ವಿದ್ಯುತ್ತು ಸಹ ಕಲ್ಲಿದ್ದಲಿನ ಹೊಗೆಯಿಂದ ಬರುವದಲ್ಲವೋ?" ಎಂದು ತಿಳುವಳಿಕೆಯುಳ್ಳವರು ಕೇಳುವರು. ಒಂದು ಪಾಲು ಹಾಗೆಯೇ ಬರುವದು. ರಾಯಚೂರು, ಬಳ್ಳಾರಿಗಳ ಸ್ಥಾವರಗಳು ಕಲ್ಲಿದ್ದಲಿನಿಂದಲೇ ನಡೆಯುವವು, ಅವುಗಳ ಸುತ್ತಲಿನ ಊರವರಿಗೆ ಅದರಿಂದ ತೊಂದರೆಯೂ ಉಂಟು. ಆದರೆ ವಿದ್ಯುತ್ತಿಗೆ ತವರುಮನೆ ಒಂದೇ ಅಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯ ನೀರಿನಿಂದ ಹುಟ್ಟಿದ ಕರೆಂಟು ಕೋಲಾರದ ಚಿನ್ನದ ಗಣಿಗೆ ಮುಟ್ಟಿತು. ಶರಾವತಿಯ ನೀರು, ಗದಗ ಚಿತ್ರದುರ್ಗಗಳ ಗಾಳಿ, ಪಾವಗಡದ 2,050 ಮೆಗಾವಾಟಿನ ಬಿಸಿಲು ಇವೆಲ್ಲಾ ಅದೇ ತಂತಿಯಲ್ಲಿ ಬರುತ್ತವೆ. ಗ್ಯಾಸಿನ ಒಲೆ ಎಂದೆಂದಿಗೂ ಗ್ಯಾಸನ್ನೇ ಸುಡಬೇಕು. ವಿದ್ಯುತ್ ಒಲೆಯು ಊರಿನ ಕರೆಂಟು ಶುದ್ಧವಾದಷ್ಟು ತಾನೂ ಶುದ್ಧವಾಗುವದು. 2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಡಿನ ಮೇಲೆ 3 ಕಿಲೋವಾಟಿನ ಸೌರ ಫಲಕಗಳನ್ನು ಹಾಕಿಸುವವರಿಗೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಿದರು. ಅಷ್ಟು ಶಕ್ತಿಯುಳ್ಳವರು ಅದನ್ನೂ ವಿಚಾರಿಸಬಹುದು.

7. ವಿದ್ಯುತ್ತಿನ ಸ್ವಂತ ಅಪಾಯಗಳು

ಉರಿಯ ಅಪಾಯವನ್ನು ಬಿಟ್ಟು ಕರೆಂಟಿನ ಅಪಾಯಕ್ಕೆ ಬೀಳಬಾರದು. 2,000 ವಾಟಿನ ಒಲೆ ಅಥವಾ ಗೀಸರು 8ರಿಂದ 9 ಆಂಪಿಯರ್ ಕರೆಂಟನ್ನು ಎಳೆಯುವದು. ಫ್ಯಾನು, ಮೊಬೈಲು ಇವುಗಳಿಗೆಂದು ಹಾಕಿದ ಸಣ್ಣ ಪ್ಲಗ್ಗಿಗೆ ಇದನ್ನು ಸಿಕ್ಕಿಸಿದರೆ ತಂತಿ ಕಾದು ಬೆಂಕಿ ಹತ್ತುವದು. ಇದಕ್ಕೆ ದಪ್ಪ ತಂತಿಯ, 16 ಆಂಪಿಯರಿನ ಪವರ್ ಪ್ಲಗ್ಗು ಬೇರೆಯಾಗಿ ಬೇಕು. ಅರ್ಥಿಂಗು ಅವಶ್ಯವಾಗಿ ಬೇಕು. ಎಂ.ಸಿ.ಬಿ.ಯೊಡನೆ, ಸೋರಿದ ಕರೆಂಟನ್ನು ಕ್ಷಣದಲ್ಲಿ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸಾಧನವನ್ನೂ ಹಾಕಿಸುವದು ಒಳ್ಳೇದು. ಭಾಗ್ಯಜ್ಯೋತಿ, ಕುಟೀರಜ್ಯೋತಿಯವರ ಮನೆಗಳಿಗೆ ದೀಪಕ್ಕೆ ತಕ್ಕಷ್ಟೇ ಕರೆಂಟು ಮಂಜೂರಾಗಿರುವದರಿಂದ ಅವರು ಮೊದಲು ವಿದ್ಯುತ್ ಕಛೇರಿಯಲ್ಲಿ ವಿಚಾರಿಸಿ ಹೆಚ್ಚಿನ ಹೊರೆಗೆ ಅರ್ಜಿ ಕೊಡಬೇಕು.

ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಲನ್ನು ಅಗ್ಗವೆಂದು ಅನೇಕರು ತರುತ್ತಾರೆ. ಅದರಿಂದ ಕರೆಂಟು ಹೊಡೆದು ಸತ್ತವರುಂಟು. ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತ ಹೊರತು ನೀರಿಗೆ ಕೈ ಹಾಕಬಾರದು. ಮಕ್ಕಳಿರುವ ಮನೆಯಲ್ಲಿ ಅದು ಇಲ್ಲದಿರುವದೇ ಉತ್ತಮ. ಗೀಸರನ್ನೂ ಆರಿಸಿಯೇ ಸ್ನಾನಕ್ಕೆ ಹೋಗುವ ಅಭ್ಯಾಸ ಮಾಡಿಕೊಳ್ಳಿರಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ನಡೆಯುತ್ತಿರುವ ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ಇರತಕ್ಕದ್ದು.

8. ಬದಲಾವಣೆಯ ಕ್ರಮ

ಎಲ್ಲವನ್ನೂ ಒಂದೇ ದಿವಸ ಬದಲಾಯಿಸಲು ನಮ್ಮಲ್ಲಿ ಯಾರಿಗೂ ಶಕ್ತಿಯಿಲ್ಲ, ಅಗತ್ಯವೂ ಇಲ್ಲ. ಮೊದಲು ಬಚ್ಚಲೊಳಗಿನ ಗ್ಯಾಸ್ ಗೀಸರನ್ನು ತೆಗೆಯಿರಿ. ಅದಕ್ಕೆ ಬದಲಾಗಿ ವಿದ್ಯುತ್ ಗೀಸರನ್ನೋ ಬಿಸಿಲಿನಿಂದ ನೀರು ಕಾಯಿಸುವ ಸಾಧನವನ್ನೋ ಇಡಿರಿ. ಎರಡಕ್ಕೂ ಹಣವಿಲ್ಲದಿದ್ದರೆ ಗ್ಯಾಸಿನ ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ ಒಯ್ಯುವದು ಸಹ ಅದಕ್ಕಿಂತ ಎಷ್ಟೋ ಮೇಲು. ಎರಡನೆಯದಾಗಿ, ಮನೆಯ ತಂತಿ, ಪ್ಲಗ್ಗು, ಅರ್ಥಿಂಗು ಇವುಗಳನ್ನು ಕೆಲಸ ಬಲ್ಲವರಿಂದ ಸರಿಮಾಡಿಸಿರಿ. ಮೂರನೆಯದಾಗಿ, ಅನ್ನಕ್ಕೂ ಕಾಳಿಗೂ ಒಂದು ವಿದ್ಯುತ್ ಕುಕ್ಕರನ್ನು ತನ್ನಿರಿ. ಗಂಟೆಗಟ್ಟಲೆ ಉರಿಯುವ ಒಲೆ ಇದರಿಂದ ಅರ್ಧವಾಗುವದು. ನಾಲ್ಕನೆಯದಾಗಿ, ಹಳೇ ಪಾತ್ರೆಗಳು ಸವೆದು ಹೊಸದನ್ನು ಕೊಳ್ಳುವಾಗ ಅಯಸ್ಕಾಂತ ಅಂಟುವವುಗಳನ್ನೇ ಆರಿಸಿಕೊಂಡು, ತರುವಾಯ ಇಂಡಕ್ಷನ್ ಒಲೆಯನ್ನು ಕೊಳ್ಳಿರಿ. ಸಿಲಿಂಡರನ್ನು ಕಡೆಯ ವರೆಗೂ ಆಪತ್ತಿಗಾಗಿ ಇಟ್ಟುಕೊಳ್ಳಿರಿ; ಗ್ಯಾಸು ಉರಿಯುವಾಗಲೆಲ್ಲಾ ಕಿಟಕಿ ತೆರೆದಿರಲಿ.

ಕಡೆಯದಾಗಿ ಒಂದು ಮಾತು. ಮನೆಯ ಸಾಮಾನನ್ನು ಕೊಳ್ಳುವಾಗ ಹಣದ ಲೆಕ್ಕವನ್ನು ಹೆಚ್ಚಾಗಿ ಗಂಡಸರೇ ಹಾಕುತ್ತಾರೆ, ಒಲೆಯ ಮುಂದೆ ನಿಲ್ಲುವವರು ಹೆಂಗಸರು. ಆದಕಾರಣ ಈ ಪಾಠವನ್ನು ಮನೆಯಲ್ಲಿ ಎಲ್ಲರೂ ಕೂತಿರುವಾಗ ಗಟ್ಟಿಯಾಗಿ ಓದಿ, ಕೆಳಗಿನ ಪ್ರಶ್ನೆಗಳಿಗೆ ಮೊದಲು ತಾಯಂದಿರಿಂದಲೇ ಉತ್ತರವನ್ನು ಕೇಳಬೇಕೆಂದು ಕೋರುತ್ತೇವೆ.

ವಿಚಾರಣೆಯ ಪ್ರಶ್ನೆಗಳು

1. ಗ್ಯಾಸಿನಲ್ಲಿ ಅಪಾಯವುಂಟೆಂದು ಪುನಃ ಸೌದೆಯ ಒಲೆಗೆ ತಿರುಗಬಾರದು ಯಾಕೆ?
2. ನೀಲಿಯಾದ ಒಳ್ಳೇ ಉರಿಯಿಂದಲೂ ಹುಟ್ಟುವ ಅನಿಲ ಯಾವದು? ಅದು ಯಾರಿಗೆ ಹೆಚ್ಚು ಬಾಧಿಸುವದು?
3. ಇಂಗಾಲದ ಮೊನಾಕ್ಸೈಡ್ ಬಂದದ್ದು ಮನುಷ್ಯನಿಗೆ ಯಾಕೆ ತಿಳಿಯುವದಿಲ್ಲ? ಅದು ರಕ್ತದಲ್ಲಿ ಮಾಡುವದೇನು?
4. ಸ್ನಾನಕ್ಕೆ ಹೋದವರು ಕರೆದರೆ ಉತ್ತರ ಕೊಡದಿದ್ದರೆ ಏನು ಮಾಡತಕ್ಕದ್ದು?
5. ನಿಮ್ಮ ಮನೆಯ ಸಿಲಿಂಡರು ಎಷ್ಟು ದಿವಸ ಬಾಳುವದು? ಅದೇ ಅಡಿಗೆಗೆ ತಿಂಗಳಿಗೆ ಎಷ್ಟು ಯೂನಿಟ್ ಬೇಕಾಗುವದೆಂದು ಲೆಕ್ಕ ಹಾಕಿರಿ. ಅದು ನಿಮ್ಮ ಪುಕ್ಕಟೆ ಪಾಲಿನೊಳಗೆ ನಿಲ್ಲುವದೋ?
6. ನಿಮ್ಮ ಮನೆಯಲ್ಲಿ ಅಯಸ್ಕಾಂತ ಅಂಟುವ ಪಾತ್ರೆಗಳು ಎಷ್ಟು? ಅರ್ಥಿಂಗುಳ್ಳ ದೊಡ್ಡ ಪ್ಲಗ್ಗು ಉಂಟೋ?
7. ನಿಮ್ಮ ನೆರೆಹೊರೆಯಲ್ಲಿ ಯಾರ ಬಚ್ಚಲಮನೆಯೊಳಗಾದರೂ ಗ್ಯಾಸ್ ಗೀಸರು ಇದೆಯೋ? ಅವರಿಗೆ ಈ ಮಾತನ್ನು ಯಾವಾಗ ಹೇಳುವಿರಿ?